ಹಣ್ಣು ಹಾಕಿ ಬೇಕ್ ಮಾಡಿದ ಓಟ್ಸ್ ಕೈಕೊಟ್ಟರೆ: ದೋಷ ಹುಡುಕುವ ಬಗೆ

ಓವನ್‌ನಿಂದ ತೆಗೆದಾಗ ನೋಡಲು ಚೆನ್ನಾಗಿಯೇ ಇರುತ್ತದೆ. ಮೇಲೆ ಕೆಂಪಗಾಗಿದೆ, ದಾಲ್ಚಿನ್ನಿ ಘಮ ಹಾಲ್‌ವರೆಗೂ ಬಂದಿದೆ. ಚಮಚ ಇಳಿಸಿದರೆ ಕೆಳಗೆ ಹಾಲು ತೇಲುತ್ತಿದೆ. ಅಥವಾ ಅಂಟಂಟು. ಅಥವಾ ಬಾಯಿಗಿಟ್ಟ ಕೂಡಲೇ ಕಹಿ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ: ಓವನ್ ಸರಿ ಇಲ್ಲ ಅಂತ ಬೈದು, ಮುಂದಿನ ಸಲ ಹದಿನೈದು ನಿಮಿಷ ಜಾಸ್ತಿ ಇಡುವುದು. ಮೇಲೆ ಸೀದು ಹೋಗುತ್ತದೆ, ಕೆಳಗಿನ ಹಾಲು ಹಾಗೇ ಉಳಿಯುತ್ತದೆ.

ಈ ತಿಂಡಿಯಲ್ಲಿ ಓವನ್‌ನ ತಪ್ಪು ನಾವು ಅಂದುಕೊಂಡಷ್ಟು ಇರುವುದಿಲ್ಲ. ಹೆಚ್ಚಿನ ದೋಷಗಳು ಹುಟ್ಟುವುದು ನೀರಿನ ಲೆಕ್ಕದಲ್ಲಿ. ಹಾಲಿನ ನೀರು, ಹಣ್ಣಿನ ನೀರು, ಅದನ್ನು ಕುಡಿಯಬೇಕಾದ ಓಟ್ಸ್, ಉಳಿದದ್ದನ್ನು ಹಿಡಿದಿಡಬೇಕಾದ ಮೊಟ್ಟೆ. ಈ ನಾಲ್ಕರಲ್ಲಿ ಯಾವುದು ಏರುಪೇರಾಗಿದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಅದನ್ನು ಪತ್ತೆ ಮಾಡಲು ಪಾತ್ರೆಯ ನಟ್ಟನಡುವೆ ಒಂದು ತುಂಡು ಕತ್ತರಿಸಿ ನೋಡಬೇಕು. ಅಂಚಿನ ತುಂಡು ಬೇಡ, ಅದು ಯಾವಾಗಲೂ ಸುಳ್ಳು ಹೇಳುತ್ತದೆ.

ಸರಿಯಾಗಿ ಆದದ್ದು ಹೇಗಿರುತ್ತದೆ

ಅಮೆರಿಕದ ಪೆನ್ಸಿಲ್ವೇನಿಯಾ ಕಡೆಯ ಅಮಿಶ್ ಅನ್ನುವ ಕ್ರೈಸ್ತ ಪಂಗಡದ ಮನೆಗಳ ಹೆಸರಿನ ಜೊತೆ ಕೇಳಿಬರುವ ತಿಂಡಿ ಇದು. ಓಟ್ಸ್, ಹಾಲು, ಮೊಟ್ಟೆ, ಬೆಣ್ಣೆ, ಸೇಬು ಅಥವಾ ಬೆರಿ ಹಣ್ಣು, ಇಷ್ಟೇ. ಇದು ಕೇಕ್ ಅಲ್ಲ. ಓಟ್ಸ್‌ನಲ್ಲಿ ಗೋಧಿಯ ಹಾಗೆ ಗ್ಲುಟೆನ್ ಎಳೆ ಕಟ್ಟುವುದಿಲ್ಲ, ಬೇಕಿಂಗ್ ಪೌಡರ್ ಕೊಡುವ ಗಾಳಿಯನ್ನು ಹಿಡಿದಿಡುವ ಬಲೆ ಇರುವುದಿಲ್ಲ. ಹಾಗಾಗಿ "ಉಬ್ಬಲೇ ಇಲ್ಲ" ಅನ್ನುವುದು ದೋಷವೇ ಅಲ್ಲ. ಬೆರಳಿನಷ್ಟು ಏರಿ, ತಣ್ಣಗಾದಾಗ ಮತ್ತೆ ಇಳಿದರೆ ಅದೇ ಸರಿ.

ನಡುವಿನ ತುಂಡು ಚಾಕುವಿಗೆ ಚೌಕವಾಗಿ ಬರಬೇಕು, ಆದರೆ ಚಮಚಕ್ಕೆ ಮೆತ್ತಗೆ ಮುರಿಯಬೇಕು. ಒಳಗೆ ಒಂದೊಂದು ಓಟ್ಸ್ ಎಸಳೂ ಕಣ್ಣಿಗೆ ಕಾಣಬೇಕು. ತೇವ ಇರಬೇಕು, ನೀರು ಇರಬಾರದು. ಇನ್ನೊಂದು ಮಾತು: ಒಲೆಯಿಂದ ತೆಗೆದ ಕೂಡಲೇ ಕತ್ತರಿಸಿ ತೀರ್ಪು ಕೊಡಬೇಡಿ. ಹದಿನೈದು ನಿಮಿಷ ಬಿಡಿ. ಆ ಹೊತ್ತಿನಲ್ಲೂ ಓಟ್ಸ್ ಹಾಲು ಕುಡಿಯುತ್ತಲೇ ಇರುತ್ತದೆ. "ನೀರಾಗಿದೆ" ಅಂತ ಬರುವ ದೂರುಗಳಲ್ಲಿ ಒಂದಷ್ಟು ಈ ಹದಿನೈದು ನಿಮಿಷದಲ್ಲೇ ಬಗೆಹರಿಯುತ್ತವೆ.

ಹೋಲಿಸಿ ನೋಡಲು ಒಂದು ಅಳತೆ

ನಿಮ್ಮ ಅಳತೆ ಎಲ್ಲಿ ತಪ್ಪಿದೆ ಅಂತ ತಿಳಿಯಲು ಎದುರಿಗೆ ಒಂದು ಸರಿಯಾದ ಅಳತೆ ಬೇಕು. ಗಟ್ಟಿ ಎಸಳಿನ (ರೋಲ್ಡ್) ಓಟ್ಸ್ 200 ಗ್ರಾಂ, ಹಾಲು 400 ಮಿ.ಲೀ., ಮೊಟ್ಟೆ ಎರಡು, ಬೆಲ್ಲ ಅಥವಾ ಸಕ್ಕರೆ 60 ಗ್ರಾಂ, ಕರಗಿಸಿದ ಬೆಣ್ಣೆ ಅಥವಾ ತುಪ್ಪ 40 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಹೆಚ್ಚಿದ ಹಣ್ಣು 250 ಗ್ರಾಂ. ಪಾತ್ರೆ 20 ಸೆಂ.ಮೀ. ಚೌಕದ್ದು. ಮೊದಲೇ ಕಾಯಿಸಿದ ಓವನ್‌ನಲ್ಲಿ 180 ಡಿಗ್ರಿ ಸೆಲ್ಸಿಯಸ್, 35ರಿಂದ 40 ನಿಮಿಷ.

ದಯವಿಟ್ಟು ತೂಕದಲ್ಲೇ ಅಳೆಯಿರಿ. ಅಮೆರಿಕದ ಪಾಕವಿಧಾನಗಳ ಕಪ್ ಸುಮಾರು 240 ಮಿ.ಲೀ. ನಮ್ಮ ಅಡುಗೆಮನೆಯ ಕಾಫಿ ಕಪ್ಪು, ಸ್ಟೀಲ್ ಲೋಟ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ. ಓಟ್ಸ್ ಒಂದು ಲೋಟದಲ್ಲಿ, ಹಾಲು ಇನ್ನೊಂದರಲ್ಲಿ ಅಳೆದರೆ ಲೆಕ್ಕ ಅಲ್ಲೇ ಹಾದಿ ತಪ್ಪಿತು. ತಕ್ಕಡಿ ಇಲ್ಲದಿದ್ದರೆ ಎಲ್ಲವನ್ನೂ ಒಂದೇ ಲೋಟದಲ್ಲಿ ಅಳೆಯಿರಿ: ಓಟ್ಸ್ ಐದು ಪಾಲು, ಹಾಲು ನಾಲ್ಕು ಪಾಲು. ಹೆಚ್ಚು ಕಡಿಮೆ ಸರಿಹೋಗುತ್ತದೆ.

ತಳದಲ್ಲಿ ನೀರು ನಿಂತಿದೆ

ಎಲ್ಲಕ್ಕಿಂತ ಹೆಚ್ಚು ಬರುವ ದೂರು ಇದು. ಕಾರಣ ಮೂರು, ಮೂರಕ್ಕೂ ಮದ್ದು ಬೇರೆ. ಅದೃಷ್ಟಕ್ಕೆ ಮೂರನ್ನೂ ಬಣ್ಣ ನೋಡಿಯೇ ಹೇಳಬಹುದು. ನಡುವಿನ ತುಂಡು ಎತ್ತಿ, ಆ ಗುಳಿಗೆ ಇಳಿದು ಬರುವ ನೀರನ್ನು ಒಂದು ಬಿಳಿ ತಟ್ಟೆಗೆ ಚಮಚದಲ್ಲಿ ತೆಗೆದು ಹಾಕಿ.

ಬೆಳ್ಳಗೆ, ಹಾಲಿನ ಹಾಗೇ ಇದ್ದರೆ ಅದು ಬೇಯದ ಮಿಶ್ರಣ. ಮೊಟ್ಟೆ ಹಾಲು ಇನ್ನೂ ಗಟ್ಟಿಯಾಗಿಲ್ಲ. ಇಂಥ ಮಿಶ್ರಣ ಹಿಡಿದುಕೊಳ್ಳುವುದು ನಡುಭಾಗ 80 ಡಿಗ್ರಿ ಆಸುಪಾಸಿಗೆ ಬಂದಾಗ. ಅಡುಗೆಯ ಥರ್ಮಾಮೀಟರ್ ಇದ್ದರೆ ಚುಚ್ಚಿ ನೋಡಿ. ಇಲ್ಲದಿದ್ದರೆ ಪಾತ್ರೆಯನ್ನು ಮೆಲ್ಲಗೆ ಅಲುಗಿಸಿ. ನಡುವೆ ಅಲೆ ಎದ್ದರೆ ಹಸಿ, ಒಟ್ಟಾಗಿ ಸ್ವಲ್ಪ ನಡುಗಿದರೆ ಆಯಿತು. ಇದನ್ನು ಸರಿಪಡಿಸುವುದು ಸುಲಭ. ಮೇಲೆ ಫಾಯಿಲ್ ಮುಚ್ಚಿ, 160ಕ್ಕೆ ಇಳಿಸಿ, ಇನ್ನೂ ಹತ್ತು ಹದಿನೈದು ನಿಮಿಷ ಇಡಿ. ಈ ಮೂರರಲ್ಲಿ ಸಮಯ ಜಾಸ್ತಿ ಮಾಡಿದರೆ ಗುಣವಾಗುವುದು ಇದೊಂದೇ.

ನೀರು ತಿಳಿಯಾಗಿ ಹಣ್ಣಿನ ಬಣ್ಣಕ್ಕೆ ಇದ್ದರೆ, ಅಂದರೆ ಸ್ಟ್ರಾಬೆರಿ ಹಾಕಿದಾಗ ಗುಲಾಬಿ, ಅನಾನಸ್ ಹಾಕಿದಾಗ ಹಳದಿ, ತಪ್ಪು ಹಣ್ಣಿನದು. ಲೆಕ್ಕ ನೋಡಿ. ಬಾಳೆಹಣ್ಣಿನಲ್ಲಿ ನೂರಕ್ಕೆ ಸುಮಾರು 75 ಪಾಲು ನೀರು. ಮಾವಿನಲ್ಲಿ 83ರಷ್ಟು, ಸೇಬು ಮತ್ತು ಅನಾನಸ್‌ನಲ್ಲಿ 86ರಷ್ಟು, ಸ್ಟ್ರಾಬೆರಿಯಲ್ಲಿ 91. ಅಂದರೆ 250 ಗ್ರಾಂ ಅನಾನಸ್ ಹಾಕುವವರು ಗೊತ್ತಿಲ್ಲದೆಯೇ ಒಂದು ಲೋಟ ನೀರನ್ನೂ ಪಾತ್ರೆಗೆ ಇಳಿಸಿದ್ದಾರೆ. ಸೇಬಿನ ನೀರೂ ಅಷ್ಟೇ ಅಲ್ವಾ ಅಂತ ಕೇಳಬಹುದು. ಹೌದು, ಆದರೆ ಸೇಬು ಗಟ್ಟಿ, ಬೆಂದರೂ ತನ್ನ ನೀರನ್ನು ಬಹುಪಾಲು ಒಳಗೇ ಇಟ್ಟುಕೊಳ್ಳುತ್ತದೆ. ಅನಾನಸ್, ಸ್ಟ್ರಾಬೆರಿ ಬಿಸಿ ತಾಕಿದ ಕೂಡಲೇ ಬಿಟ್ಟುಕೊಡುತ್ತವೆ. ಬಾಳೆಹಣ್ಣು ಕಿವುಚಿದರೆ ತಾನೇ ಮಂದವಾಗಿ ಮಿಶ್ರಣದ ಭಾಗವಾಗಿಬಿಡುತ್ತದೆ.

ಫ್ರೀಜರ್‌ನಲ್ಲಿಟ್ಟ ಹಣ್ಣು ಇನ್ನೂ ಕಷ್ಟ. ಮಂಜಿನ ಹರಳು ಹಣ್ಣಿನ ಕಣಗಳ ಗೋಡೆ ಒಡೆದಿರುತ್ತದೆ, ಕರಗಿದಾಗ ರಸ ಒಂದೇ ಸಲ ಹೊರಬರುತ್ತದೆ. ಜೊತೆಗೆ ತಣ್ಣನೆಯ ಹಣ್ಣು ಇಡೀ ಮಿಶ್ರಣವನ್ನೂ ತಣ್ಣಗೆ ಮಾಡಿ ಬೇಯುವ ಸಮಯ ಎಳೆಯುತ್ತದೆ.

ನೀರು ಬಿಡುವ ಹಣ್ಣಿಗೆ ನಾನು ಎರಡರಲ್ಲಿ ಒಂದು ಮಾಡುತ್ತೇನೆ. ಒಂದೋ ಬಾಣಲೆಯಲ್ಲಿ ಐದಾರು ನಿಮಿಷ ಬಾಡಿಸಿ, ರಸ ಇಂಗಿಸಿ, ಆರಿಸಿ ಹಾಕುವುದು. ಇಲ್ಲವೇ ಹಾಲನ್ನು 60ರಿಂದ 80 ಮಿ.ಲೀ. ಕಡಿಮೆ ಮಾಡುವುದು. ಮೊದಲನೆಯದೇ ವಾಸಿ. ಹಾಲು ಕಡಿಮೆ ಮಾಡಿದರೆ ನೀರಿನ ಮೊತ್ತ ಸರಿಹೋಗುತ್ತದೆ, ಆದರೆ ಹಣ್ಣು ರಸ ಬಿಡುವುದು ಓಟ್ಸ್ ಅರ್ಧ ಬೆಂದ ಮೇಲೆ. ಹಣ್ಣಿನ ಸುತ್ತ ತೊಯ್ದು, ಉಳಿದ ಕಡೆ ಒಣಗಿ ಕೂರುವ ಸಾಧ್ಯತೆ ಇದೆ.

ಮೂರನೆಯದು ತಟ್ಟೆಯಲ್ಲಿ ನೀರು ತಿಳಿಯಾಗಿದ್ದು, ಅದರಲ್ಲಿ ರವೆಯಂಥ ಸಣ್ಣ ಬಿಳಿ ಕಾಳು ತೇಲುವುದು. ಇಲ್ಲಿ ಎರಡು ಸಾಧ್ಯತೆ. ಹುಳಿ ಹಣ್ಣಿಗೋ ಬೆಲ್ಲಕ್ಕೋ ಹಾಲು ಒಡೆದಿದೆ. ಇಲ್ಲವಾದರೆ ಮೊಟ್ಟೆ ಜಾಸ್ತಿ ಬೆಂದು, ಬಿಗಿದುಕೊಂಡು, ತಾನು ಹಿಡಿದಿದ್ದ ನೀರನ್ನು ಹಿಂಡಿ ಹೊರಗೆ ಹಾಕಿದೆ. ಬೇರ್ಪಡಿಸುವುದು ಹೇಗೆ? ಓವನ್‌ಗೆ ಇಡುವ ಮೊದಲೇ ಬಟ್ಟಲಲ್ಲಿ ಕಾಳು ಕಂಡಿದ್ದರೆ ಹಾಲು ಒಡೆದದ್ದು. ಅಂಚಿನಲ್ಲಿ ಚಿಕ್ಕ ಚಿಕ್ಕ ತೂತುಗಳು, ರಬ್ಬರಿನಂಥ ಹಿಡಿತ ಇದ್ದರೆ ಜಾಸ್ತಿ ಬೆಂದದ್ದು. ಜಾಸ್ತಿ ಬೆಂದಿದ್ದನ್ನು ಮತ್ತೆ ಓವನ್‌ಗೆ ಇಟ್ಟರೆ ಇನ್ನಷ್ಟು ನೀರು ಬಿಡುತ್ತದೆ, ಅಷ್ಟೇ. ಬಣ್ಣ ನೋಡಿ ಅಂತ ಒತ್ತಿ ಹೇಳಿದ್ದು ಇದಕ್ಕೇ.

ಅಂಚು ಬೆಂದಿದೆ, ನಡು ಹಸಿ

ಪಾತ್ರೆಯ ಅಗಲ ಅಳೆಯಿರಿ. ಮೇಲೆ ಹೇಳಿದ ಅಳತೆಯ ಮಿಶ್ರಣ ಒಂದು ಲೀಟರ್‌ಗೆ ಹತ್ತಿರ ಬರುತ್ತದೆ. 20 ಸೆಂ.ಮೀ. ಚೌಕದ ಪಾತ್ರೆಯಲ್ಲಿ ಅದು ಎರಡೂವರೆ ಸೆಂ.ಮೀ. ಆಳ ನಿಲ್ಲುತ್ತದೆ. 18 ಸೆಂ.ಮೀ. ದುಂಡು ಪಾತ್ರೆಯಲ್ಲಿ ನಾಲ್ಕು ಸೆಂ.ಮೀ. ಹತ್ತಿರ. 15 ಸೆಂ.ಮೀ. ದುಂಡು ಪಾತ್ರೆಯಲ್ಲಿ ಐದೂವರೆ. ಚಿಕ್ಕ ಓಟಿಜಿ (ಕಟ್ಟೆಯ ಮೇಲಿಡುವ ಕರೆಂಟ್ ಓವನ್) ಇರುವ ಮನೆಗಳಲ್ಲಿ ಇರುವುದು ಹೆಚ್ಚಾಗಿ ಈ ಕೊನೆಯ ಪಾತ್ರೆಯೇ. ಆಳ ಇಮ್ಮಡಿಯಾದರೆ ಬಿಸಿ ನಡುವಿಗೆ ತಲುಪಲು ಇಮ್ಮಡಿಗಿಂತ ಎಷ್ಟೋ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಅಂಚು ಒಣಗಿ ಹೋಗುತ್ತದೆ. ಅಳತೆ ಅರ್ಧ ಮಾಡಿ, ಅಥವಾ ಎರಡು ಪಾತ್ರೆಗೆ ಹಂಚಿ. ಕಪ್‌ಕೇಕ್ ಅಚ್ಚಿನಲ್ಲಿ ಹಾಕಿದರೆ 20ರಿಂದ 25 ನಿಮಿಷಕ್ಕೆ ಮುಗಿಯುತ್ತದೆ, ಮಕ್ಕಳ ಡಬ್ಬಿಗೂ ಸರಿ.

ಪಾತ್ರೆ ಯಾವುದರದ್ದು ಅನ್ನುವುದೂ ನೋಡಬೇಕು. ಅಲ್ಯೂಮಿನಿಯಂ ಬೇಗ ಕಾಯುತ್ತದೆ. ಗಾಜು ನಿಧಾನಕ್ಕೆ ಕಾಯುತ್ತದೆ, ನಿಧಾನಕ್ಕೆ ಆರುತ್ತದೆ. ಗಾಜಿನಲ್ಲಿ ಐದರಿಂದ ಹತ್ತು ನಿಮಿಷ ಹೆಚ್ಚು ಇಡಿ. ಕಾದ ಗಾಜಿನ ಪಾತ್ರೆಯನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಮಾತ್ರ ಇಡಬೇಡಿ, ಸೀಳುತ್ತದೆ. ಹುಳಿ ಹಣ್ಣಿಗೆ ಬರೀ ಅಲ್ಯೂಮಿನಿಯಂ ಬೇಡ, ಲೋಹದ ರುಚಿ ಬರುತ್ತದೆ. ಒಳಗೆ ಬಟರ್ ಪೇಪರ್ ಹಾಸಿದರೆ ಆ ತಾಪತ್ರಯವೂ ಇಲ್ಲ, ತಳ ಹಿಡಿಯುವ ತಾಪತ್ರಯವೂ ಇಲ್ಲ.

ಅಂಟಂಟಾಗಿದೆ, ಎಸಳೇ ಕಾಣುತ್ತಿಲ್ಲ

ಓಟ್ಸ್ ಪೊಟ್ಟಣ ತಿರುಗಿಸಿ ನೋಡಿ. ನಮ್ಮ ಅಂಗಡಿಗಳಲ್ಲಿ ಸಿಗುವುದರಲ್ಲಿ ಹೆಚ್ಚಿನದು ಮೂರು ನಿಮಿಷದಲ್ಲಿ ಬೇಯುವ ಕ್ವಿಕ್ ಓಟ್ಸ್. ಅದು ಸಣ್ಣಗೆ ಕತ್ತರಿಸಿ ತೆಳ್ಳಗೆ ಒತ್ತಿದ್ದು. ಬೇಕ್ ಮಾಡಲು ಬೇಕಾದದ್ದು ರೋಲ್ಡ್ ಓಟ್ಸ್, ಇಡೀ ಕಾಳನ್ನೇ ಹಬೆಯಲ್ಲಿ ಬೇಯಿಸಿ ಒತ್ತಿದ್ದು. ಇವೆರಡರ ವ್ಯತ್ಯಾಸ ತೆಳು ಅವಲಕ್ಕಿ, ಗಟ್ಟಿ ಅವಲಕ್ಕಿಯ ವ್ಯತ್ಯಾಸವೇ. ತೆಳು ಅವಲಕ್ಕಿಯನ್ನು ಅರ್ಧ ಗಂಟೆ ನೆನೆಸಿ ಒಗ್ಗರಣೆ ಅವಲಕ್ಕಿ ಮಾಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಪೊಟ್ಟಣದ ಮೇಲೆ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಒಂದು ಚಮಚ ಓಟ್ಸ್‌ಗೆ ಕುದಿಯುವ ನೀರು ಹಾಕಿ ಐದು ನಿಮಿಷ ಬಿಡಿ. ಒಂದು ಎಸಳನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ. ಗುಂಡಗೆ ಉಳಿದು, ನಡುವೆ ಒಂದು ಬಿಳಿ ಗೆರೆ ಕಂಡರೆ ಅದು ರೋಲ್ಡ್. ಬೆರಳಿಗೆ ಪೇಸ್ಟಿನಂತೆ ಸವರಿಕೊಂಡರೆ ಕ್ವಿಕ್.

ಅಂಟು ಬರುವುದು ಬೀಟಾ ಗ್ಲುಕಾನ್ ಅನ್ನುವ ಕರಗುವ ನಾರಿನಿಂದ. ಓಟ್ಸ್‌ಗೆ ಆರೋಗ್ಯದ ಹೆಸರು ತಂದುಕೊಟ್ಟದ್ದೂ ಇದೇ ನಾರು. 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹೃದಯದ ಆರೋಗ್ಯದ ಮಾತನ್ನು ಓಟ್ಸ್ ಪೊಟ್ಟಣದ ಮೇಲೆ ಹಾಕಲು ಒಪ್ಪಿದ್ದು ಇದನ್ನು ನೋಡಿಯೇ. ಆದರೆ ಎಸಳು ಒಡೆದಷ್ಟೂ, ಕಲಕಿದಷ್ಟೂ ಇದು ಹೊರಬಂದು ಲೋಳೆ ಮಾಡುತ್ತದೆ. ಹಾಗಾಗಿ ಬೀಟರ್ ಬೇಡ, ಮಿಕ್ಸಿ ಬೇಡವೇ ಬೇಡ. ಹಾಲು, ಮೊಟ್ಟೆ, ಬೆಲ್ಲ ಎಷ್ಟು ಬೇಕಾದರೂ ಕಡೆಯಿರಿ. ಓಟ್ಸ್ ಬಿದ್ದ ಮೇಲೆ ಸೌಟಿನಿಂದ ಹತ್ತು ಸುತ್ತು ಸಾಕು.

ಮನೆಯಲ್ಲಿ ಕ್ವಿಕ್ ಓಟ್ಸ್ ಮಾತ್ರ ಇದೆ ಅಂದರೆ ಎಸೆಯಬೇಕಿಲ್ಲ. ಹಾಲು 400ರ ಬದಲು 320 ಮಿ.ಲೀ. ಹಾಕಿ, ನೆನೆಸದೆ ನೇರ ಓವನ್‌ಗೆ ಇಡಿ. ಎಸಳು ಎಸಳಾಗಿ ಬರುವುದಿಲ್ಲ, ಮೆತ್ತನೆಯ ಹಲ್ವದ ಹದ ಬರುತ್ತದೆ. ಕೆಲವರಿಗೆ ಅದೇ ಇಷ್ಟ. ಮಸಾಲಾ ಓಟ್ಸ್ ಪೊಟ್ಟಣಕ್ಕೆ ಹಣ್ಣು ಹಾಕಿದವರಿಗೆ ಮಾತ್ರ ನನ್ನ ಬಳಿ ಮದ್ದಿಲ್ಲ.

ಇದಕ್ಕೆ ಎದುರು ದಿಕ್ಕಿನ ದೋಷ ಸ್ಟೀಲ್ ಕಟ್ ಓಟ್ಸ್‌ನದು. ಒತ್ತದೆ ಕತ್ತರಿಸಿದ ಕಾಳು ಅದು. ನಲವತ್ತು ನಿಮಿಷಕ್ಕೆ ಬೇಯುವುದಿಲ್ಲ, ಹಲ್ಲಿಗೆ ನುಚ್ಚಿನ ಹಾಗೆ ಸಿಗುತ್ತದೆ. ರಾತ್ರಿ ಹಾಲಲ್ಲಿ ನೆನೆಸಿಟ್ಟರೆ ದಾರಿಗೆ ಬರುತ್ತದೆ.

ರಾತ್ರಿಯೇ ಎಲ್ಲ ಕಲಸಿ ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ಬೇಕ್ ಮಾಡುವವರು ಬೇಕಿಂಗ್ ಪೌಡರ್ ಒಂದನ್ನು ಬೆಳಗ್ಗೆಗೆ ಉಳಿಸಿಕೊಳ್ಳಿ. ಒದ್ದೆಯಾದ ಕೂಡಲೇ ಅದರ ಗ್ಯಾಸ್ ಒಂದಷ್ಟು ಹೊರಟು ಹೋಗುತ್ತದೆ. ಪೌಡರ್ ಹಳತೇ ಅಂತ ಅನುಮಾನ ಇದ್ದರೆ ಅರ್ಧ ಚಮಚಕ್ಕೆ ಬಿಸಿ ನೀರು ಹಾಕಿ. ಜೋರಾಗಿ ನೊರೆ ಬರದಿದ್ದರೆ ಡಬ್ಬಿ ಬದಲಿಸಿ.

ಒಣಕಲಾಗಿದೆ

ಸುಲಭದ ದೋಷ. ಹಾಲು ಕಡಿಮೆ, ಇಲ್ಲ ಹೊತ್ತು ಜಾಸ್ತಿ, ಇಲ್ಲ ಸೇಬಿನಂಥ ಗಟ್ಟಿ ಹಣ್ಣು ಮಾತ್ರ ಹಾಕಿದ್ದು. ಒಂದು ಚೆನ್ನಾಗಿ ಕಳಿತ ಪಚ್ಚಬಾಳೆ ಕಿವುಚಿ ಸೇರಿಸಿ, ಐದು ನಿಮಿಷ ಮೊದಲೇ ತೆಗೆಯಿರಿ. ಈಗಾಗಲೇ ಒಣಗಿರುವುದಕ್ಕೆ ಬಿಸಿ ಹಾಲು ಸುರಿದುಕೊಂಡು ತಿನ್ನಿ. ಅಮೆರಿಕದಲ್ಲೂ ಹಾಗೆ ತಿನ್ನುವವರು ಬೇಕಾದಷ್ಟಿದ್ದಾರೆ.

ಕಹಿ, ಸೋಪಿನ ರುಚಿ

ಸೋಪಿನಂಥ ರುಚಿ ಅಂದರೆ ಸೋಡಾ. ಬೇಕಿಂಗ್ ಪೌಡರ್ ಬದಲು ಅಡುಗೆ ಸೋಡಾ ಅಷ್ಟೇ ಅಳತೆಗೆ ಹಾಕಿದರೆ ಹೀಗಾಗುತ್ತದೆ. ಸೋಡಾದ ಶಕ್ತಿ ಪೌಡರ್‌ನ ಮೂರು ಪಟ್ಟು ಅಂತ ಇಟ್ಟುಕೊಳ್ಳಿ. ಪೌಡರ್ ಇಲ್ಲದಿದ್ದರೆ ಕಾಲು ಟೀ ಚಮಚ ಸೋಡಾ, ಅದರ ಜೊತೆ ಎರಡು ದೊಡ್ಡ ಚಮಚ ಹುಳಿ ಮೊಸರು. ಹುಳಿ ಇಲ್ಲದೆ ಸೋಡಾ ಒಂದೇ ಹಾಕಬೇಡಿ.

ನಾಲಿಗೆಯ ಹಿಂಭಾಗಕ್ಕೆ ಹತ್ತುವ ಕಹಿ ಬೇರೆ. ಹಸಿ ಅನಾನಸ್ ಹಾಕಿದ್ದೀರಾ? ಅದರಲ್ಲಿರುವ ಬ್ರೊಮೆಲೈನ್ ಅನ್ನುವ ಕಿಣ್ವ ಹಾಲಿನ ಪ್ರೋಟೀನನ್ನು ತುಂಡು ಮಾಡುತ್ತದೆ, ಆ ತುಂಡುಗಳೇ ಕಹಿ. ಪರಂಗಿಯ ಪಪೈನ್ ಕೂಡ ಇದೇ ಜಾತಿ. ಪರಂಗಿ ಮಿಲ್ಕ್‌ಶೇಕ್ ಮಾಡಿ ಒಂದು ಗಂಟೆ ಬಿಟ್ಟು ಕುಡಿದವರಿಗೆ ಈ ಕಹಿ ಗೊತ್ತು. ಓವನ್ ಬಿಸಿಗೆ ಕಿಣ್ವ ಕೊನೆಗೆ ಸಾಯುತ್ತದೆ ನಿಜ. ಆದರೆ ಪಾತ್ರೆಯ ನಡುಭಾಗ ಕಾಯುವಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿರುತ್ತದೆ, ಅದು ತನ್ನ ಕೆಲಸ ಮುಗಿಸಿರುತ್ತದೆ. ಅನಾನಸ್ ಆದರೆ ಮೊದಲೇ ಬಾಣಲೆಯಲ್ಲಿ ಕುದಿ ಬರುವವರೆಗೆ ಬೇಯಿಸಿ ಹಾಕಿ. ನೀರಿನ ಸಮಸ್ಯೆಯೂ ಅದರಲ್ಲೇ ಹೋಗುತ್ತದೆ. ಡಬ್ಬಿಯ ಅನಾನಸ್ ಮೊದಲೇ ಬಿಸಿ ಕಂಡದ್ದು, ತೊಂದರೆ ಇಲ್ಲ. ಪರಂಗಿಯನ್ನು ಈ ತಿಂಡಿಗೆ ಹಾಕಲೇಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬೆಂದ ಪರಂಗಿಯಲ್ಲಿ ರುಚಿಯೂ ಉಳಿಯುವುದಿಲ್ಲ.

ಹಣ್ಣೂ ಸರಿ, ಸೋಡಾವೂ ಸರಿ, ಆದರೂ ಕಹಿ ಅಂದರೆ ಒಣ ಓಟ್ಸನ್ನೇ ನಾಲ್ಕು ಎಸಳು ಬಾಯಿಗೆ ಹಾಕಿ ಅಗಿಯಿರಿ. ಓಟ್ಸ್‌ನಲ್ಲಿ ಅಕ್ಕಿ ಗೋಧಿಗಿಂತ ಎಣ್ಣೆ ಅಂಶ ಜಾಸ್ತಿ. ತೆರೆದಿಟ್ಟ ಪೊಟ್ಟಣ ಬಿಸಿಲು ಮಳೆ ಎರಡೂ ಕಂಡಿದ್ದರೆ ಕಮಟು ಬಂದಿರುತ್ತದೆ. ಅಕ್ರೋಟು, ಅಗಸೆ ಪುಡಿ ಇನ್ನೂ ಬೇಗ ಕಮಟುತ್ತವೆ. ಇವಕ್ಕೆ ಏಲಕ್ಕಿ, ದಾಲ್ಚಿನ್ನಿ ಸುರಿದು ಮುಚ್ಚಲು ಹೋಗಬೇಡಿ.

ಬೆಲ್ಲ ಹಾಕಿದರೆ ಹಾಲು ಒಡೆಯುತ್ತದೆ

ಪಾಯಸ ಮಾಡುವವರಿಗೆ ಹೊಸದಲ್ಲ. ಬಿಸಿ ಹಾಲಿಗೆ ಬೆಲ್ಲ ಬಿದ್ದರೆ ಒಡೆಯುವ ಭಯ ಇದ್ದದ್ದೇ. ಬೆಲ್ಲದಲ್ಲಿ ಸ್ವಲ್ಪ ಹುಳಿ ಇರುತ್ತದೆ, ಬಿಸಿ ಅದಕ್ಕೆ ಜೊತೆಯಾಗುತ್ತದೆ. ಇಲ್ಲಿಯೂ ಅದೇ ಉಪಾಯ. ಬೆಲ್ಲವನ್ನು ನಾಲ್ಕು ಚಮಚ ನೀರಲ್ಲಿ ಕರಗಿಸಿ, ಕಲ್ಲು ಮರಳು ಹೋಗುವ ಹಾಗೆ ಸೋಸಿ, ಪೂರ್ತಿ ಆರಿಸಿ, ತಣ್ಣನೆ ಹಾಲಿಗೆ ಬೆರೆಸಿ. ಆ ನಾಲ್ಕು ಚಮಚವನ್ನು ಹಾಲಿನ ಅಳತೆಯಲ್ಲಿ ಕಳೆಯಿರಿ. ಕರಗಿಸಿದ ಬೆಣ್ಣೆಯನ್ನೂ ಕೊಂಚ ಆರಿಸಿಯೇ ಹಾಕಬೇಕು. ಇಲ್ಲದಿದ್ದರೆ ಫ್ರಿಜ್ ಹಾಲಿಗೆ ಬಿದ್ದು ಬಿಳಿ ಉಂಡೆ ಕಟ್ಟುತ್ತದೆ, ಅದನ್ನು ನೋಡಿ ಹಾಲು ಒಡೆಯಿತು ಅಂತ ಗಾಬರಿಯಾಗುತ್ತದೆ. ಬೆರಳಲ್ಲಿ ಹಿಸುಕಿ ನೋಡಿ. ಕರಗಿದರೆ ಅದು ಬೆಣ್ಣೆ, ಏನೂ ಆಗಿಲ್ಲ.

ಕಿತ್ತಳೆ, ಹುಳಿ ದ್ರಾಕ್ಷಿ, ಹುಳಿ ಮಾವು ಹಾಕಿದಾಗ ಸ್ವಲ್ಪ ಒಡೆದರೂ ಚಿಂತೆ ಬೇಡ. ರುಚಿ ಕೆಡುವುದಿಲ್ಲ, ನೋಟ ಮಾತ್ರ ರವೆರವೆ. ಆ ನೋಟ ಬೇಡ ಅನ್ನುವವರು ಹಣ್ಣನ್ನು ಕಲಸದೆ ಮೇಲೆ ಜೋಡಿಸಿ.

ಹಸಿರು ಬಣ್ಣ ಬಂದಿದೆ

ಬ್ಲೂಬೆರಿ ಅಥವಾ ನೇರಳೆ ಹಣ್ಣು ಹಾಕಿದವರು ಹೆದರಿ ಕೇಳುತ್ತಾರೆ. ಬೂಷ್ಟು ಅಲ್ಲ ಅದು. ಈ ಹಣ್ಣುಗಳ ನೇರಳೆ ಬಣ್ಣ ಹುಳಿಯಲ್ಲಿ ಕೆಂಪಗೆ, ಸೋಡಾ ಕಡೆ ವಾಲಿದರೆ ನೀಲಿ ಹಸಿರು. ಸೋಡಾ ಕಡಿಮೆ ಮಾಡಿ, ಒಂದು ಚಮಚ ನಿಂಬೆರಸ ಹಣ್ಣಿಗೆ ಸವರಿ ಹಾಕಿ. ಹಸಿರಾದದ್ದನ್ನು ತಿನ್ನಲು ಅಡ್ಡಿಯಿಲ್ಲ.

ಮೊಟ್ಟೆ ಹಾಕದೆ ಮಾಡಿದರೆ ಪುಡಿಪುಡಿ

ಮೊಟ್ಟೆ ಇಲ್ಲಿ ಉಬ್ಬಿಸಲು ಇರುವುದಲ್ಲ, ಹಿಡಿದಿಡಲು. ಅದರ ಜಾಗಕ್ಕೆ ಅಗಸೆ ಸರಿಯಾಗಿ ಕೂರುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಗೆ ಇದ್ದೇ ಇರುತ್ತದೆ ಅಲ್ವಾ. ಆದರೆ ಚಟ್ನಿಪುಡಿಗೆ ಹುರಿದಿಟ್ಟದ್ದು ಬೇಡ, ಅದರ ವಾಸನೆ ಹಣ್ಣನ್ನು ಮುಚ್ಚಿಬಿಡುತ್ತದೆ. ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಹಸಿ ಅಗಸೆಯ ಪುಡಿ, ಮೂರು ದೊಡ್ಡ ಚಮಚ ನೀರು. ಹತ್ತು ನಿಮಿಷ ಬಿಟ್ಟರೆ ಲೋಳೆ ಬರುತ್ತದೆ, ಚಮಚದಿಂದ ಎತ್ತಿದರೆ ಎಳೆಯಾಗಿ ಇಳಿಯಬೇಕು. ಇಡೀ ಬೀಜ ಹಾಕಿದರೆ, ಇಲ್ಲವೇ ನೆನೆಸದೆ ಹಾಕಿದರೆ ಹಿಡಿತ ಬರುವುದಿಲ್ಲ. ಪುಡಿಪುಡಿ ಆಗುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ಜೊತೆಗೆ ಒಂದು ಬಾಳೆಹಣ್ಣು ಕಿವುಚಿ ಸೇರಿಸಿದರೆ ಇನ್ನೂ ಒಳ್ಳೆಯದು. ಮೊಟ್ಟೆ ಇಲ್ಲದ್ದು ಬಿಸಿಯಲ್ಲಿ ಚೌಕವಾಗಿ ಕತ್ತರಿಸಲು ಬರುವುದಿಲ್ಲ, ಅರ್ಧ ಗಂಟೆ ಆರಲೇಬೇಕು.

ಇಷ್ಟಾದ ಮೇಲೆ ಓವನ್

ಮೇಲಿನ ಯಾವುದೂ ಹೊಂದದಿದ್ದರೆ ಆಗ ಓವನ್ ಮೇಲೆ ಅನುಮಾನ ಪಡಿ. ಓಟಿಜಿಗಳ ಗುಂಡಿ ತೋರಿಸುವ ಅಂಕಿಗೂ ಒಳಗಿನ ಬಿಸಿಗೂ ಇಪ್ಪತ್ತು ಡಿಗ್ರಿ ಅಂತರ ಇರುವುದು ಅಪರೂಪವಲ್ಲ. ಓವನ್ ಥರ್ಮಾಮೀಟರ್ ಇಟ್ಟುಕೊಂಡರೆ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಅದಿಲ್ಲದವರಿಗೆ ಸಕ್ಕರೆ ಇದೆ. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್ ಮೇಲೆ ಒಂದು ಚಮಚ ಸಕ್ಕರೆ ಹರಡಿ, ಚೆನ್ನಾಗಿ ಕಾದ ಓವನ್‌ನಲ್ಲಿ 175ಕ್ಕೆ ಹದಿನೈದು ನಿಮಿಷ ಇಡಿ. ಕರಗಿ ನೀರಾದರೆ ನಿಮ್ಮ ಓವನ್ ಹೇಳುವುದಕ್ಕಿಂತ ಜಾಸ್ತಿ ಬಿಸಿ. ಹೊಸ ಸಕ್ಕರೆ ಹಾಕಿ 190ಕ್ಕೆ ಇಟ್ಟರೂ ಕಲ್ಲಿನ ಹಾಗೆ ಕೂತಿದ್ದರೆ ಕಡಿಮೆ ಬಿಸಿ.

ಕರೆಂಟ್ ಕೂಡ ಒಂದು ಕಾರಣ. ವೋಲ್ಟೇಜ್ ಸ್ವಲ್ಪ ಇಳಿದರೂ ಬಿಸಿ ಬಹಳ ಇಳಿಯುತ್ತದೆ, ಯಾಕೆಂದರೆ ಕಾಯಿಲ್‌ನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 230 ವೋಲ್ಟ್‌ಗೆ 1,500 ವ್ಯಾಟ್ ಕೊಡುವ ಓಟಿಜಿ 200 ವೋಲ್ಟ್‌ನಲ್ಲಿ 1,130 ವ್ಯಾಟ್ ಆಸುಪಾಸಿಗೆ ಬರುತ್ತದೆ. ಬೇಸಿಗೆಯಲ್ಲಿ ಲೋ ವೋಲ್ಟೇಜ್ ಇರುವ ಊರುಗಳಲ್ಲಿ ಹತ್ತು ನಿಮಿಷದ ಪ್ರೀಹೀಟ್ ಸಾಲುವುದಿಲ್ಲ. ಇಪ್ಪತ್ತು ನಿಮಿಷ ಕಾಯಿಸಿ. ಥರ್ಮೋಸ್ಟಾಟ್ ದೀಪ ಒಮ್ಮೆ ಆರುವವರೆಗೆ ಕಾದರೆ ಸರಿ.

ಮೇಲೆ ಮಾತ್ರ ಸೀಯುತ್ತಿದ್ದರೆ ಪಾತ್ರೆ ಮೇಲಿನ ರಾಡ್‌ಗೆ ತೀರಾ ಹತ್ತಿರ ಇದೆ. ಕೆಳಗಿನ ಹಂತಕ್ಕೆ ಇಳಿಸಿ, ಮೊದಲ ಇಪ್ಪತ್ತೈದು ನಿಮಿಷ ಕೆಳಗಿನ ರಾಡ್ ಮಾತ್ರ ಹಚ್ಚಿ, ಕೊನೆಗೆ ಎರಡನ್ನೂ. ಗೋಡಂಬಿ, ಒಣದ್ರಾಕ್ಷಿ ಮೇಲೆ ಉದುರಿಸಿದ್ದರೆ ಅವೇ ಮೊದಲು ಕಪ್ಪಾಗುತ್ತವೆ. ಒಣದ್ರಾಕ್ಷಿಯನ್ನು ಒಳಗೆ ತಳ್ಳಿ, ಗೋಡಂಬಿಯನ್ನು ಕೊನೆಯ ಹದಿನೈದು ನಿಮಿಷಕ್ಕೆ ಹಾಕಿ. ಫ್ಯಾನ್ ಇರುವ ಕನ್ವೆಕ್ಷನ್‌ನಲ್ಲಿ ಇಪ್ಪತ್ತು ಡಿಗ್ರಿ ಕಡಿಮೆ ಇಡಬೇಕು. ಬರೀ ಮೈಕ್ರೋವೇವ್‌ನಲ್ಲಿ ಕೆಂಪಗೆ ಆಗುವುದೇ ಇಲ್ಲ, ಅದನ್ನು ದೋಷ ಅಂತ ಹುಡುಕಬೇಡಿ.

ಬೆಂಗಳೂರಿನ ಎತ್ತರ ಕಾರಣವೇ ಅಂತ ಕೇಳುವವರಿದ್ದಾರೆ. ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್, ನೀರು ಕುದಿಯುವುದು 97 ಡಿಗ್ರಿ ಹತ್ತಿರ. ಈ ತಿಂಡಿಗೆ ಅಷ್ಟರಿಂದ ಏನೂ ಆಗುವುದಿಲ್ಲ. ಅಮೆರಿಕದಲ್ಲಿರುವ ನಮ್ಮವರು ಮಾತ್ರ ಗುಂಡಿಯ ಕಡೆ ಒಮ್ಮೆ ನೋಡಿ. ಅಲ್ಲಿನ ಓವನ್ ಫ್ಯಾರನ್‌ಹೀಟ್‌ನಲ್ಲಿ ಇರುತ್ತದೆ. ಊರಿಂದ ಬಂದ ಪಾಕವಿಧಾನ ನೋಡಿ 180ಕ್ಕೆ ಇಟ್ಟರೆ ಅದು ಬರೀ 82 ಡಿಗ್ರಿ ಸೆಲ್ಸಿಯಸ್. ಎರಡು ಗಂಟೆ ಇಟ್ಟರೂ ಉಗುರುಬೆಚ್ಚಗಿನ ಓಟ್ಸ್ ಗಂಜಿಯೇ. ಅಲ್ಲಿ 350 ಇಡಬೇಕು.

ರುಚಿಯೇ ಇಲ್ಲ, ಹಣ್ಣು ಗಟ್ಟಿ, ಇತ್ಯಾದಿ

ಸಪ್ಪೆ ಅನ್ನಿಸಿದರೆ ಸಕ್ಕರೆ ಏರಿಸುವ ಮುಂಚೆ ಉಪ್ಪು ಹಾಕಿದ್ದೆನಾ ಅಂತ ನೆನಪಿಸಿಕೊಳ್ಳಿ. ಸೇಬು, ಸೀಬೆ ಹಲ್ಲಿಗೆ ಗಟ್ಟಿ ಸಿಕ್ಕರೆ ಒಂದು ಸೆಂ.ಮೀ. ಚೌಕಕ್ಕಿಂತ ದೊಡ್ಡದಾಗಿ ಹೆಚ್ಚಿದ್ದೀರಿ. ಸಪೋಟ ಹಾಕಿ ಬಾಯಿ ಒಗರಾದರೆ ಹಣ್ಣು ಕಳಿತಿರಲಿಲ್ಲ. ಬಾಳೆಹಣ್ಣಿನ ಬಿಲ್ಲೆ ಮೇಲೆ ಕಪ್ಪಾಗಿ ಚರ್ಮದ ಹಾಗಾದರೆ ಮುಂದಿನ ಸಲ ಅದರ ಮೇಲೆ ಒಂದಿಷ್ಟು ಸಕ್ಕರೆ ಚಿಮುಕಿಸಿ. ಬಾದಾಮಿ ಮಾವಿನ ಹೋಳು ಬೆಂದರೂ ಆಕಾರ ಉಳಿಸಿಕೊಳ್ಳುತ್ತದೆ. ರಸಪುರಿ ಕರಗಿ ಮಾಯವಾಗುತ್ತದೆ, ಅದನ್ನು ರಸ ಮಾಡಿ ಹಾಲಿನ ಲೆಕ್ಕಕ್ಕೆ ಸೇರಿಸುವುದೇ ಜಾಣತನ.

ಏನೇ ಬದಲಿಸಿದರೂ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಹಾಲೂ ಇಳಿಸಿ, ಬಿಸಿಯೂ ಏರಿಸಿ, ಪಾತ್ರೆಯೂ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಕೆಟ್ಟರಂತೂ ಕೇಳಲೇಬೇಡಿ.

ಮರುದಿನದ ದೂರು

ಫ್ರಿಜ್‌ನಲ್ಲಿಟ್ಟದ್ದು ಗಟ್ಟಿಯಾಗಿ ಒಣಗಿದ ಹಾಗೆ ಕಾಣುವುದು ಸಹಜ. ಓಟ್ಸ್‌ನ ಗಂಜಿ ಅಂಶ ತಣ್ಣಗಾದಾಗ ಬಿಗಿಯುತ್ತದೆ, ಬೆಣ್ಣೆಯೂ ಹೆಪ್ಪುಗಟ್ಟಿರುತ್ತದೆ. ಒಂದು ತುಂಡಿಗೆ ಒಂದು ದೊಡ್ಡ ಚಮಚ ಹಾಲು ಚಿಮುಕಿಸಿ, ಮುಚ್ಚಿ, ಮೈಕ್ರೋವೇವ್‌ನಲ್ಲಿ ಒಂದು ನಿಮಿಷ. ಅದಿಲ್ಲದಿದ್ದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಐದು ನಿಮಿಷ. ತವಾ ಮೇಲೆ ತುಪ್ಪ ಹಾಕಿ ಎರಡು ಬದಿ ಕೆಂಪಗೆ ಮಾಡಿದರೆ ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ, ನಾನಂತೂ ಇದಕ್ಕೋಸ್ಕರವೇ ಜಾಸ್ತಿ ಮಾಡುತ್ತೇನೆ.

ಡಬ್ಬಿಯ ತಳದಲ್ಲಿ ಮರುದಿನ ನೀರು ಕಂಡರೆ ಬಿಸಿ ಇರುವಾಗಲೇ ಮುಚ್ಚಳ ಹಾಕಿದ್ದೀರಿ. ಹಬೆ ಇಳಿದು ನೀರಾಗಿದೆ. ಪೂರ್ತಿ ಆರಿಸಿ ಮುಚ್ಚಿ. ಹಾಗಂತ ಬೇಸಿಗೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಹೊರಗೆ ಬಿಡಬೇಡಿ, ಹಾಲು ಮೊಟ್ಟೆ ಇದೆ. ಎರಡು ಗಂಟೆಯೊಳಗೆ ಫ್ರಿಜ್ ಸೇರಬೇಕು, ಮೂರು ನಾಲ್ಕು ದಿನದಲ್ಲಿ ಮುಗಿಸಬೇಕು. ಇನ್ನೂ ಉಳಿಯುತ್ತದೆ ಅನ್ನಿಸಿದರೆ ತುಂಡು ಮಾಡಿ ಒಂದೊಂದನ್ನೂ ಬಟರ್ ಪೇಪರ್‌ನಲ್ಲಿ ಸುತ್ತಿ ಫ್ರೀಜರ್‌ಗೆ ಹಾಕಿ. ಮುಂಚಿನ ರಾತ್ರಿ ಕೆಳಗಿನ ಫ್ರಿಜ್‌ಗೆ ಇಳಿಸಿದರೆ ಬೆಳಗ್ಗೆ ತವಾಗೆ ತಯಾರು.